ಕಂಪ್ಯೂಟರ್ ಏಳುವ ಹೊತ್ತು

ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನ್ನ ಪರಿಚಯದ ಶಿಕ್ಷಕಿಯೊಬ್ಬರಿಗೆ ಕಂಪ್ಯೂಟರ್ ಕೊಠಡಿಯ ಉಸ್ತುವಾರಿಯೂ ಇದೆ. ಕಂಪ್ಯೂಟರ್ ತರಗತಿ ಇರುವ ದಿನ ಅವರು ಪ್ರಾರ್ಥನೆಯ ಗಂಟೆಗೆ ಮೊದಲೇ ಹೋಗಿ ಹತ್ತೂ ಯಂತ್ರಗಳ ಗುಂಡಿ ಒತ್ತಿ ಬರುತ್ತಾರೆ. ನಾಡಗೀತೆ ಮುಗಿದು, ಹಾಜರಿ ಕರೆದು, ಮಕ್ಕಳು ಸಾಲಾಗಿ ಬಂದು ಕೂರುವ ಹೊತ್ತಿಗೂ ಕೆಲವು ಪರದೆಗಳ ಮೇಲೆ ಚುಕ್ಕೆಗಳು ಸುತ್ತುತ್ತಲೇ ಇರುತ್ತವೆ. ನಡುವೆ ಕರೆಂಟು ಹೋಯಿತೋ, ಎಲ್ಲವೂ ಮೊದಲಿನಿಂದ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಮಕ್ಕಳ ಕೈಗೆ ಕೀಬೋರ್ಡ್ ಸಿಗುವುದು ಇಪ್ಪತ್ತೈದು ನಿಮಿಷ. "ಹಳೆಯವಾಗಿಬಿಟ್ಟಿವೆ, ಹೊಸವು ಬಂದರೆ ಸರಿಹೋಗುತ್ತದೆ" ಎಂದು ಶಾಲೆಯವರೆಲ್ಲ ನಂಬಿದ್ದರು. ಅವರ ಒಪ್ಪಿಗೆ ಪಡೆದು ಒಂದನ್ನು ಬಿಚ್ಚಿ ನೋಡಿದೆ. ಪ್ರೊಸೆಸರ್ ನಾಲ್ಕು ಕೋರ್‌ಗಳದ್ದು, ಇಂದಿಗೂ ಕೆಲಸಕ್ಕೆ ಬರುವಂಥದ್ದು. ಮದರ್‌ಬೋರ್ಡಿಗೆ ಏನೂ ಆಗಿರಲಿಲ್ಲ. ಮಕ್ಕಳನ್ನು ಕಾಯಿಸುತ್ತಿದ್ದದ್ದು ಪೆಟ್ಟಿಗೆಯ ಮೂಲೆಯಲ್ಲಿ ಗರಗರ ಸುತ್ತುತ್ತಿದ್ದ ಹಾರ್ಡ್ ಡಿಸ್ಕ್.

ಕಂಪ್ಯೂಟರ್ ನಿಧಾನವಾಯಿತೆಂದು ದೂರಿದರೆ ನಮ್ಮಲ್ಲಿ ಸಿಗುವ ಉತ್ತರಗಳು ಮೂರು. ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡಿಸಿ, ಅಥವಾ ಹೊಸದು ತೆಗೆದುಕೊಳ್ಳಿ. 2012ರಿಂದ 2019ರವರೆಗಿನ ಅವಧಿಯಲ್ಲಿ ಕೊಂಡ ಎಷ್ಟೋ ಯಂತ್ರಗಳನ್ನು ನೋಡಿದ ಮೇಲೆ, ಇವು ಮೂರೂ ತಪ್ಪು ಉತ್ತರ ಎಂದು ಹೇಳುವ ಧೈರ್ಯ ನನಗೆ ಬಂದಿದೆ. ಆ ಯಂತ್ರಗಳಲ್ಲಿ ಒಂದೇ ಒಂದು ಭಾಗ ಉಳಿದವುಗಳ ಓಟಕ್ಕೆ ಹೆಜ್ಜೆ ಹಾಕಲಾಗದೆ ಹಿಂದೆ ಬಿದ್ದಿದೆ. ಅದನ್ನು ತೆಗೆದು, ಫ್ಲಾಶ್ ಸ್ಮೃತಿಯ ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಕೂರಿಸಿದರೆ ಉಳಿದದ್ದೆಲ್ಲ ಇನ್ನೂ ಐದಾರು ವರ್ಷ ದುಡಿಯಬಲ್ಲದು.

ಗುಂಡಿ ಒತ್ತಿದ ಮೇಲೆ ಒಳಗೆ ಏನೇನು ನಡೆಯುತ್ತದೆಂದು ತಿಳಿದರೆ ಈ ಮಾತು ಸ್ಪಷ್ಟವಾಗುತ್ತದೆ. ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನ ಚಿಪ್ಪೊಂದರಲ್ಲಿ ಕುಳಿತಿರುವ ಚಿಕ್ಕ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯಾಸ್, ಈಚಿನವುಗಳಲ್ಲಿ ಯುಇಎಫ್‌ಐ. ಅದು ರ್ಯಾಮ್, ಕೀಬೋರ್ಡ್, ಡಿಸ್ಕ್ ಎಲ್ಲ ಇವೆಯೇ ಎಂದು ತಡವಿ ನೋಡಿ, ಬೂಟ್ ಲೋಡರ್ ಎಂಬ ಇನ್ನೊಂದು ಸಣ್ಣ ತಂತ್ರಾಂಶವನ್ನು ಎಬ್ಬಿಸುತ್ತದೆ. ಬೂಟ್ ಲೋಡರ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ಲನ್ನು ಡಿಸ್ಕಿನಿಂದ ಎತ್ತಿ ರ್ಯಾಮ್‌ಗೆ ತರುತ್ತದೆ. ಕರ್ನೆಲ್ ಡ್ರೈವರ್‌ಗಳನ್ನು ಕರೆಯುತ್ತದೆ. ನೆಟ್‌ವರ್ಕು, ಧ್ವನಿ, ಪ್ರಿಂಟರ್, ಆಂಟಿವೈರಸ್, ನವೀಕರಣ ಹೀಗೆ ಹತ್ತಾರು ಸೇವೆಗಳು ಒಂದರ ಹಿಂದೆ ಒಂದು ಏಳುತ್ತವೆ. ಆಮೇಲೆ ಪಾಸ್‌ವರ್ಡ್ ಕೇಳುವ ಪರದೆ, ಆಮೇಲೆ ಡೆಸ್ಕ್‌ಟಾಪ್. ಡೆಸ್ಕ್‌ಟಾಪ್ ಕಾಣಿಸಿದರೂ ಕೆಲಸ ಮುಗಿದಿರುವುದಿಲ್ಲ. ಮೌಸ್ ಒತ್ತಿದರೆ ಗೋಲ ಸುತ್ತುತ್ತ ನಿಲ್ಲುವ ಆ ಎರಡು ಮೂರು ನಿಮಿಷವನ್ನೂ ಕಾಯುವ ಹೊತ್ತಿನಲ್ಲೇ ಎಣಿಸಬೇಕು.

ಈ ಮೆರವಣಿಗೆಯುದ್ದಕ್ಕೂ ಡಿಸ್ಕಿಗೆ ಬರುವ ಬೇಡಿಕೆಗಳ ಸ್ವರೂಪವನ್ನು ಗಮನಿಸಬೇಕು. ಸಿನಿಮಾ ಕಡತವನ್ನು ಪೆನ್‌ಡ್ರೈವ್‌ಗೆ ನಕಲು ಮಾಡುವಾಗ ಡಿಸ್ಕು ಒಂದೇ ಕಡೆಯಿಂದ ಸರಾಗವಾಗಿ ಓದುತ್ತ ಹೋಗುತ್ತದೆ. ಬೂಟ್ ಆಗುವಾಗ, ಅಂದರೆ ಯಂತ್ರ ಏಳುವಾಗ, ಹಾಗಲ್ಲ. ಇಲ್ಲಿಂದ ನಾಲ್ಕು ಕೆಬಿ, ಅಲ್ಲಿಂದ ಹದಿನಾರು ಕೆಬಿ, ಮತ್ತೆಲ್ಲಿಂದಲೋ ಇನ್ನೊಂದು ಚೂರು. ಸಾವಿರಾರು ಸಣ್ಣ ಓದುಗಳು, ಡಿಸ್ಕಿನ ಎಲ್ಲೆಲ್ಲೋ ಚದುರಿದ ಜಾಗಗಳಿಂದ.

ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂಥ ತಟ್ಟೆಗಳಿವೆ. ಅವುಗಳ ಮೇಲೆ ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ ತೇಲುವ ಓದುಮೊನೆ, ಆ ಮೊನೆಯನ್ನು ಹೊತ್ತ ತೋಳು. ಬೇಕಾದ ಜಾಗಕ್ಕೆ ತೋಳು ಮೊದಲು ಸರಿಯಬೇಕು. ಸರಿದ ಮೇಲೆ ಬೇಕಾದ ಭಾಗ ಸುತ್ತಿಕೊಂಡು ಮೊನೆಯ ಕೆಳಗೆ ಬರುವವರೆಗೆ ಕಾಯಬೇಕು. ಜಾತ್ರೆಯಲ್ಲಿ ತಿರುಗುವ ತೊಟ್ಟಿಲಿನ ಕೆಳಗೆ ನಿಂತು ನಮ್ಮವರು ಕುಳಿತ ಪೆಟ್ಟಿಗೆ ಇಳಿದು ಬರಲೆಂದು ಕಾಯುತ್ತೇವಲ್ಲ, ಹಾಗೆ. ಡೆಸ್ಕ್‌ಟಾಪ್ ಡಿಸ್ಕುಗಳು ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ಹಾಕುತ್ತವೆ, ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡು, ಸರಾಸರಿ ಅರ್ಧ ಸುತ್ತಿನ ಕಾಯುವಿಕೆ ಸುಮಾರು 4. ತೋಳು ಸರಿಯಲು ಸುಮಾರು 9. ಒಟ್ಟು 13 ಮಿಲಿಸೆಕೆಂಡು. ಕೇಳಲು ಅತ್ಯಲ್ಪ. ಆದರೆ ಇದರ ಅರ್ಥ ಸೆಕೆಂಡಿಗೆ ಎಪ್ಪತ್ತೈದು ಸಣ್ಣ ಬೇಡಿಕೆಗಳನ್ನಷ್ಟೇ ಈಡೇರಿಸಬಹುದು ಎಂದು. ಬೂಟ್ ಆಗಲು ಚದುರಿದ ಹತ್ತು ಸಾವಿರ ಓದುಗಳು ಬೇಕೆಂದು ಇಟ್ಟುಕೊಂಡರೆ ಎರಡು ನಿಮಿಷ ಹತ್ತು ಸೆಕೆಂಡು ಅದಕ್ಕೇ ಹೋಯಿತು. ಲ್ಯಾಪ್‌ಟಾಪ್‌ಗಳ 5,400 ಸುತ್ತಿನ ಡಿಸ್ಕಿನಲ್ಲಿ ಅದು ಮೂರು ನಿಮಿಷಕ್ಕೆ ಮುಟ್ಟುತ್ತದೆ. ಸಾಲಾಗಿ ಓದಿದರೆ ಸೆಕೆಂಡಿಗೆ 150 ಎಂಬಿ ಕೊಡುವ ಡಿಸ್ಕು, ನಾಲ್ಕು ನಾಲ್ಕು ಕೆಬಿಯ ಚೂರುಗಳನ್ನು ಅಲ್ಲಲ್ಲಿಂದ ಕೇಳಿದರೆ 300 ಕೆಬಿಗೆ ಕುಸಿಯುತ್ತದೆ. ಐನೂರು ಪಟ್ಟು ಇಳಿಕೆ. ಅಂಗಡಿಯಲ್ಲಿ ಡಿಸ್ಕಿನ ವೇಗ ಇಷ್ಟು ಎಂಬಿ ಎಂದು ಹೇಳುವ ಸಂಖ್ಯೆಗೂ ನಮ್ಮ ಬೆಳಗಿನ ಕಾಯುವಿಕೆಗೂ ಸಂಬಂಧ ಕಾಣದಿರುವುದು ಇದರಿಂದಲೇ.

ಎಸ್‌ಎಸ್‌ಡಿಯಲ್ಲಿ ತೋಳಿಲ್ಲ, ಸುತ್ತುವ ತಟ್ಟೆಯಿಲ್ಲ. ಒಂದು ಸಣ್ಣ ಓದಿಗೆ ಸುಮಾರು 0.1 ಮಿಲಿಸೆಕೆಂಡು. ಅದೇ ಹತ್ತು ಸಾವಿರ ಓದುಗಳಿಗೆ ಒಂದು ಸೆಕೆಂಡು. ನಿಜ ಜೀವನದಲ್ಲಿ ಲೆಕ್ಕ ಇಷ್ಟು ನೇರವಲ್ಲ, ಕಾರ್ಯಾಚರಣ ವ್ಯವಸ್ಥೆ ಬೇಡಿಕೆಗಳನ್ನು ಜೋಡಿಸಿ, ಮುಂಚಿತವಾಗಿ ಓದಿಟ್ಟು ಹೊರೆ ಹಗುರ ಮಾಡಿಕೊಳ್ಳುತ್ತದೆ. ಆದರೂ ವ್ಯತ್ಯಾಸದ ಮೂಲ ಈ ಗುಣಾಕಾರದಲ್ಲಿದೆ.

ಹಾರ್ಡ್ ಡಿಸ್ಕು ಹುಟ್ಟಿದ್ದು 1956ರಲ್ಲಿ, ಐಬಿಎಂ ಕಂಪನಿಯ ರಾಮಾಕ್ ಯಂತ್ರದ ಜೊತೆ. ಎರಡು ಅಡಿ ಅಗಲದ ಐವತ್ತು ತಟ್ಟೆಗಳು, ಒಂದು ಟನ್ನಿನಷ್ಟು ತೂಕ, ಹಿಡಿಯುತ್ತಿದ್ದದ್ದು ಐವತ್ತು ಲಕ್ಷ ಅಕ್ಷರಗಳು. ಬೇಕಾದ ಜಾಗ ತಲುಪಲು ಅದಕ್ಕೆ 600 ಮಿಲಿಸೆಕೆಂಡು ಬೇಕಿತ್ತು. ಅರ್ಧ ಶತಮಾನದ ನಂತರ ಬಂದ ಒಂದು ಟಿಬಿ ಡಿಸ್ಕು ಅದರ ಎರಡು ಲಕ್ಷ ಪಟ್ಟಿಗಿಂತ ಹೆಚ್ಚು ಮಾಹಿತಿ ಹಿಡಿಯಿತು. ತಲುಪುವ ವೇಗ ಮಾತ್ರ ಐವತ್ತು ಪಟ್ಟು ಕೂಡ ಹೆಚ್ಚಲಿಲ್ಲ. ತೋಳು ಲೋಹದ್ದು, ಅದಕ್ಕೆ ತೂಕವಿದೆ. ಇನ್ನೂ ವೇಗವಾಗಿ ಸುತ್ತಿಸಿದರೆ ಶಾಖ, ಸದ್ದು, ವಿದ್ಯುತ್ ಖರ್ಚು ಎಲ್ಲವೂ ಏರುತ್ತವೆ. ನಿಮಿಷಕ್ಕೆ 15,000 ಸುತ್ತಿನ ಡಿಸ್ಕುಗಳು ಸರ್ವರ್ ಕೊಠಡಿಗಳಿಂದ ಮನೆಗಳಿಗೆ ಇಳಿಯಲೇ ಇಲ್ಲ. ಅತ್ತ ಪ್ರೊಸೆಸರ್‌ಗಳು ವರ್ಷದಿಂದ ವರ್ಷಕ್ಕೆ ಜಿಗಿಯುತ್ತಿದ್ದವು. ಒಂದೇ ನೊಗಕ್ಕೆ ಕುದುರೆಯನ್ನೂ ಎಮ್ಮೆಯನ್ನೂ ಕಟ್ಟಿದ ಹಾಗಾಯಿತು ಕಂಪ್ಯೂಟರ್‌ನ ಸ್ಥಿತಿ.

ಈ ಅಂತರವನ್ನು ಮುಚ್ಚಲು ತಂತ್ರಾಂಶದವರು ಪಟ್ಟ ಪಾಡು ಕಡಿಮೆಯದಲ್ಲ. ಮೊದಲ ಮ್ಯಾಕಿಂಟಾಷ್ ತಯಾರಾಗುತ್ತಿದ್ದ 1983ರಲ್ಲಿ ಸ್ಟೀವ್ ಜಾಬ್ಸ್ ಎಂಜಿನಿಯರ್ ಲ್ಯಾರಿ ಕೆನ್ಯನ್ ಬಳಿ ಬಂದು ಬೂಟ್ ಸಮಯ ಹತ್ತು ಸೆಕೆಂಡು ತಗ್ಗಿಸಲು ಒತ್ತಾಯಿಸಿದ ಪ್ರಸಂಗವನ್ನು ಅವರ ಸಹೋದ್ಯೋಗಿ ಆಂಡಿ ಹರ್ಟ್ಸ್‌ಫೆಲ್ಡ್ ಬರೆದಿಟ್ಟಿದ್ದಾರೆ. ಐವತ್ತು ಲಕ್ಷ ಜನ ಬಳಸುತ್ತಾರೆಂದರೆ ದಿನಕ್ಕೆ ಐದು ಕೋಟಿ ಸೆಕೆಂಡು ಉಳಿಯುತ್ತದೆ, ವರ್ಷಕ್ಕೆ ಅದು ಎಷ್ಟೋ ಜನರ ಆಯಸ್ಸಿಗೆ ಸಮ ಎಂಬುದು ಜಾಬ್ಸ್ ಮುಂದಿಟ್ಟ ವಾದ. ನಾನೂ ಲೆಕ್ಕ ಹಾಕಿ ನೋಡಿದೆ. ಐದು ಕೋಟಿ ಸೆಕೆಂಡೆಂದರೆ 578 ದಿನ, ಒಂದೂವರೆ ವರ್ಷಕ್ಕೂ ಹೆಚ್ಚು. ಅಷ್ಟು ಒಂದೇ ದಿನದ ಉಳಿತಾಯ. ಬೂಟ್ ಸಮಯ ಎಂಜಿನಿಯರ್‌ನ ಹಟದ ವಿಷಯವಷ್ಟೇ ಅಲ್ಲ, ಮನುಷ್ಯರ ಹೊತ್ತಿನ ವಿಷಯ ಎಂದು ಅಷ್ಟು ಹಿಂದೆಯೇ ಕಂಡುಕೊಂಡದ್ದು ದೊಡ್ಡದು. ತುಮಕೂರಿನ ಆ ಕೊಠಡಿಗೂ ಅದೇ ಲೆಕ್ಕ ಹೊಂದುತ್ತದೆ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಇಟ್ಟ ಗುರಿ ಮೂವತ್ತು ಸೆಕೆಂಡು. ಬೂಟ್ ಆಗುವಾಗ ಯಾವ ಯಾವ ಕಡತ ಬೇಕಾಗುತ್ತದೆಂದು ಅದು ನೆನಪಿಟ್ಟುಕೊಂಡು, ಬಿಡುವಿನ ಹೊತ್ತಿನಲ್ಲಿ ಅವನ್ನು ತಟ್ಟೆಯ ಮೇಲೆ ಅಕ್ಕಪಕ್ಕ ಜೋಡಿಸಿಡುತ್ತಿತ್ತು. ತೋಳಿನ ಓಡಾಟ ತಗ್ಗಲೆಂದು. ನಾವೆಲ್ಲ ಭಾನುವಾರ ಡಿಫ್ರಾಗ್ ಹಾಕಿ ಬಣ್ಣದ ಚೌಕಗಳು ಸರಿಯುವುದನ್ನು ನೋಡುತ್ತ ಕೂರುತ್ತಿದ್ದದ್ದೂ ಇದೇ ಕಾರಣಕ್ಕೆ. 2007ರ ವಿಸ್ಟಾ ಪೆನ್‌ಡ್ರೈವನ್ನೇ ಆಸರೆಗೆ ಕರೆಯುವ ರೆಡಿಬೂಸ್ಟ್ ತಂದಿತು. 2008ರಲ್ಲಿ ಇಂಟೆಲ್‌ನ ಆರ್ಯನ್ ವ್ಯಾನ್ ಡೆ ವೆನ್ ಮತ್ತು ಔಕೆ ಕಾಕ್ ಎಂಬ ಇಬ್ಬರು ಆಸುಸ್‌ನ ಪುಟ್ಟ ನೆಟ್‌ಬುಕ್ಕೊಂದರಲ್ಲಿ ಲಿನಕ್ಸನ್ನು ಐದೇ ಸೆಕೆಂಡಿಗೆ ಏಳಿಸಿ ತೋರಿಸಿದರು. ಕರ್ನೆಲ್‌ಗೆ ಒಂದು ಸೆಕೆಂಡು, ಆರಂಭದ ಸೇವೆಗಳಿಗೆ ಒಂದು ಎಂದು ಸಮಯವನ್ನು ಮೊದಲೇ ಹಂಚಿಕೊಟ್ಟು, ಅದನ್ನು ಮೀರಿದ್ದನ್ನೆಲ್ಲ ಕಿತ್ತುಹಾಕುವುದು ಅವರ ವಿಧಾನ. ಆ ನೆಟ್‌ಬುಕ್‌ನಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ, ಫ್ಲಾಶ್ ಸ್ಮೃತಿ ಇತ್ತು ಎಂಬುದನ್ನು ಮರೆಯಬಾರದು. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಶುರು ಮಾಡಿದ ಸಿಸ್ಟಮ್‌ಡಿ ಸೇವೆಗಳನ್ನು ಸಾಲುಗಟ್ಟಿಸದೆ ಒಟ್ಟೊಟ್ಟಿಗೆ ಏಳಿಸುವ ದಾರಿ ಹಿಡಿಯಿತು.

2012ರ ವಿಂಡೋಸ್ 8 ತಂದ ಫಾಸ್ಟ್ ಸ್ಟಾರ್ಟಪ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಇಂದಿಗೂ ಅದು ಹೆಚ್ಚಿನ ವಿಂಡೋಸ್ ಯಂತ್ರಗಳಲ್ಲಿ ಸದ್ದಿಲ್ಲದೆ ನಡೆಯುತ್ತಿದೆ. ಶಟ್‌ಡೌನ್ ಒತ್ತಿದಾಗ ನಮ್ಮ ತಂತ್ರಾಂಶಗಳು ಮುಚ್ಚುತ್ತವೆ, ಕರ್ನೆಲ್ ಮಾತ್ರ ಮುಚ್ಚುವುದಿಲ್ಲ. ಇದ್ದ ಸ್ಥಿತಿಯಲ್ಲೇ ಅದನ್ನು ಡಿಸ್ಕಿಗೆ ಬರೆದಿಟ್ಟು ಮರುದಿನ ಒಂದೇ ಏಟಿಗೆ ಮೇಲೆತ್ತಲಾಗುತ್ತದೆ. ಸಾವಿರ ಚದುರಿದ ಓದುಗಳ ಬದಲು ಒಂದು ಉದ್ದದ ಓದು. ಹಾರ್ಡ್ ಡಿಸ್ಕಿಗೆ ಇದು ನಿಜಕ್ಕೂ ಉಪಕಾರ. ಆದರೆ ದಿನವೂ ಆಫ್ ಮಾಡಿದರೂ ತೊಂದರೆಗಳು ಬಗೆಹರಿಯದೆ ಉಳಿಯುವುದಕ್ಕೆ ಕಾರಣವೂ ಇದೇ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಒತ್ತಿದಾಗ ಮಾತ್ರ. ಹಾಗಾಗಿ ನಿಮ್ಮ ಯಂತ್ರದ ನಿಜವಾದ ಬೂಟ್ ಸಮಯ ತಿಳಿಯಬೇಕಾದರೆ ರೀಸ್ಟಾರ್ಟ್ ಕೊಟ್ಟು ಗಡಿಯಾರ ನೋಡಿ.

ಹಾರ್ಡ್ ಡಿಸ್ಕಿನ ಕಾಲ ಮುಗಿಸಿದ ಫ್ಲಾಶ್ ಸ್ಮೃತಿಯ ಬೀಜ ಬಿದ್ದದ್ದು 1967ರಲ್ಲಿ. ಬೆಲ್ ಲ್ಯಾಬ್ಸ್‌ನ ದಾವೊನ್ ಕಾಂಗ್ ಮತ್ತು ಸೈಮನ್ ಜೀ, ಎಲ್ಲ ಕಡೆಯಿಂದಲೂ ನಿರೋಧಕ ಸುತ್ತಿದ ಪುಟ್ಟ ಪದರವೊಂದರಲ್ಲಿ ಎಲೆಕ್ಟ್ರಾನ್‌ಗಳನ್ನು ಕೂಡಿಟ್ಟರೆ ವಿದ್ಯುತ್ ಇಲ್ಲದೆಯೂ ಅವು ಅಲ್ಲೇ ಉಳಿಯುತ್ತವೆ ಎಂದು ತೋರಿಸಿದರು. ಅದನ್ನು ಅಗ್ಗದ, ದಟ್ಟವಾದ ಸಂಗ್ರಹವಾಗಿ ರೂಪಿಸಿದವರು ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕಾ. 1984ರಲ್ಲಿ ಫ್ಲಾಶ್ ಸ್ಮೃತಿಯನ್ನು, 1987ರಲ್ಲಿ ಇಂದು ಎಲ್ಲ ಎಸ್‌ಎಸ್‌ಡಿ, ಫೋನುಗಳಲ್ಲಿರುವ ನ್ಯಾಂಡ್ ಬಗೆಯನ್ನು ಅವರು ಲೋಕದ ಮುಂದಿಟ್ಟರು. ಒಂದೇ ಬಾರಿಗೆ ಅಳಿಸಿಹೋಗುವುದು ಕ್ಯಾಮೆರಾದ ಫ್ಲಾಶ್ ಮಿಂಚಿದಂತಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಆ ಹೆಸರು. ಅವರ ಸಂಸ್ಥೆ ಆಗ ಆ ಕೆಲಸದ ಬೆಲೆ ಅರಿಯಲಿಲ್ಲ. ಮಸುವೊಕಾ 1994ರಲ್ಲಿ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು, ತಮ್ಮ ಪಾಲಿಗಾಗಿ ಮೊಕದ್ದಮೆ ಹೂಡಿದರು, 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು. ನಮ್ಮ ಜೇಬುಗಳಲ್ಲೆಲ್ಲ ಕುಳಿತಿರುವ ಆವಿಷ್ಕಾರಕ್ಕೆ ಅದು ಬಹಳ ಸಣ್ಣ ಮೊತ್ತ.

ಫ್ಲಾಶ್‌ಗೆ ಒಂದು ವಿಚಿತ್ರ ಸ್ವಭಾವವಿದೆ. ನಮ್ಮ ಹಿರಿಯರು ಲೆಕ್ಕ ಬರೆಯುತ್ತಿದ್ದ ಕಡತಗಳನ್ನು ನೆನೆಯಿರಿ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಉಳಿದುಬಂದಿವೆ. ಕಡತದಲ್ಲಿ ಬೇಡವಾದ ಒಂದು ಸಾಲನ್ನಷ್ಟೇ ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದು. ಫ್ಲಾಶ್‌ನಲ್ಲಿ ಅದು ಸಾಧ್ಯವಿಲ್ಲ. ಬರೆಯುವುದು ಪುಟ ಪುಟವಾಗಿ, ಅಳಿಸುವುದು ನೂರಾರು ಪುಟಗಳ ಕಟ್ಟನ್ನು ಒಟ್ಟಿಗೆ. ಒಂದು ಸಾಲು ತಿದ್ದಬೇಕಾದರೆ ತಿದ್ದಿದ್ದನ್ನು ಬೇರೆ ಖಾಲಿ ಪುಟದಲ್ಲಿ ಬರೆದು, ಹಳೆಯ ಪುಟ ಅಮಾನ್ಯ ಎಂದು ಗುರುತು ಹಾಕಿ, ಬಿಡುವಾದಾಗ ಒಳ್ಳೆಯ ಪುಟಗಳನ್ನು ಎತ್ತಿಟ್ಟು ಇಡೀ ಕಟ್ಟನ್ನು ಅಳಿಸಬೇಕು. ಪ್ರತಿ ಸಲ ಅಳಿಸಿದಾಗಲೂ ಆ ನಿರೋಧಕ ಪದರ ಸ್ವಲ್ಪ ಸವೆಯುತ್ತದೆ. ಆದ್ದರಿಂದ ಒಂದೇ ಕಟ್ಟಿನ ಮೇಲೆ ಹೊರೆ ಬೀಳದಂತೆ ಎಲ್ಲ ಕಟ್ಟುಗಳನ್ನೂ ಸರದಿಯಲ್ಲಿ ಬಳಸಬೇಕು. ಈ ಲೆಕ್ಕಪತ್ರವನ್ನೆಲ್ಲ ನೋಡಿಕೊಳ್ಳುವುದು ಎಸ್‌ಎಸ್‌ಡಿಯೊಳಗಿನ ಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಮತ್ತು ಅದರ ಫರ್ಮ್‌ವೇರ್. ಬೆಂಗಳೂರಿನಲ್ಲಿರುವ ಸ್ಯಾಮ್‌ಸಂಗ್ ಮತ್ತು ಸ್ಯಾನ್‌ಡಿಸ್ಕ್ ಕೇಂದ್ರಗಳ ಎಂಜಿನಿಯರ್‌ಗಳೂ ಈ ಕ್ಷೇತ್ರದಲ್ಲಿ ದುಡಿಯುತ್ತಿದ್ದಾರೆ.

1991ರಲ್ಲಿ ಇಂದಿನ ಸ್ಯಾನ್‌ಡಿಸ್ಕ್ ಮಾರಿದ ಮೊದಲ ಫ್ಲಾಶ್ ಡ್ರೈವ್ 20 ಎಂಬಿ ಹಿಡಿಯುತ್ತಿತ್ತು, ಬೆಲೆ ಸುಮಾರು ಸಾವಿರ ಡಾಲರ್. ಜನಸಾಮಾನ್ಯರ ಕಥೆ ತಿರುಗಿದ್ದು 2008ರಲ್ಲಿ, ಇಂಟೆಲ್‌ನ 80 ಜಿಬಿ ಎಕ್ಸ್25-ಎಂ ಬಂದಾಗ. ಅದಕ್ಕೂ ಮೊದಲಿನ ಅಗ್ಗದ ಎಸ್‌ಎಸ್‌ಡಿಗಳು ಸಣ್ಣ ಬರವಣಿಗೆಗಳ ಒತ್ತಡ ಬಿದ್ದಾಗ ಸೆಕೆಂಡುಗಟ್ಟಲೆ ಮರಗಟ್ಟಿ ನಿಲ್ಲುತ್ತಿದ್ದವು, ಒಳ್ಳೆಯ ಕಂಟ್ರೋಲರ್ ಇದ್ದರೆ ಏನಾಗುತ್ತದೆಂದು ಇದು ತೋರಿಸಿತು. 2009ರ ವಿಂಡೋಸ್ 7, ಯಾವ ಪುಟಗಳು ಇನ್ನು ಬೇಡ ಎಂದು ಡ್ರೈವ್‌ಗೆ ತಿಳಿಸುವ ಟ್ರಿಮ್ ಆದೇಶವನ್ನು ತಂದಿತು, ತಿಂಗಳು ಕಳೆದಂತೆ ಎಸ್‌ಎಸ್‌ಡಿ ನಿಧಾನವಾಗುವ ಕಾಯಿಲೆ ಅದರಿಂದ ಬಹುಮಟ್ಟಿಗೆ ವಾಸಿಯಾಯಿತು. 2011ರ ಕೊನೆಯಲ್ಲಿ ಥಾಯ್ಲೆಂಡ್‌ನ ಪ್ರವಾಹದಲ್ಲಿ ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿ ಬೆಲೆ ಗಗನಕ್ಕೇರಿದ್ದು ಕೂಡ ಜನರ ಕಣ್ಣನ್ನು ಎಸ್‌ಎಸ್‌ಡಿ ಕಡೆ ಹೊರಳಿಸಿತು. ಹಾರ್ಡ್ ಡಿಸ್ಕಿಗೆ ತುಸು ಫ್ಲಾಶ್ ಅಂಟಿಸಿದ ಮಿಶ್ರ ಡ್ರೈವ್‌ಗಳೂ ನಡುವೆ ಬಂದವು, ಹೋದವು.

ಈಗ ಅಂಗಡಿಗೆ ಹೋದರೆ ಸಾಟಾ ಬೇಕೋ ಎನ್‌ವಿಎಂಇ ಬೇಕೋ ಎಂದು ಕೇಳುತ್ತಾರೆ. ಸಾಟಾ ಎಸ್‌ಎಸ್‌ಡಿ ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಸಿಕ್ಕಿಸುವಂಥದ್ದು, ಅದರ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 550 ಎಂಬಿ. 2011ರಲ್ಲಿ ಮೊದಲ ಮಾನಕ ಹೊರಬಂದ ಎನ್‌ವಿಎಂಇ, ಚೂಯಿಂಗ್ ಗಮ್ ಪಟ್ಟಿಯಷ್ಟು ಚಿಕ್ಕದಾಗಿ ಮದರ್‌ಬೋರ್ಡಿನ ಎಂ.2 ಸ್ಲಾಟ್‌ನಲ್ಲಿ ಕೂರುತ್ತದೆ, 3,500ರಿಂದ 14,000 ಎಂಬಿವರೆಗೆ ಓಡುತ್ತದೆ. ಸಂಖ್ಯೆ ನೋಡಿದರೆ ಆಯ್ಕೆಗೆ ಪ್ರಶ್ನೆಯೇ ಇಲ್ಲ ಅನಿಸುತ್ತದೆ. ಆದರೆ ಬೂಟ್ ವಿಷಯಕ್ಕೆ ಬಂದರೆ ನನ್ನ ತೀರ್ಮಾನ ಬೇರೆ. ಸಣ್ಣ ಓದಿಗೆ ಸಾಟಾ 0.1 ಮಿಲಿಸೆಕೆಂಡು ತೆಗೆದುಕೊಂಡರೆ ಎನ್‌ವಿಎಂಇ ಅದರ ಅರ್ಧಕ್ಕೋ ಮುಕ್ಕಾಲಿಗೋ ಬರುತ್ತದೆ. ನಮ್ಮ ಹತ್ತು ಸಾವಿರ ಓದುಗಳ ಲೆಕ್ಕದಲ್ಲಿ ಉಳಿಯುವುದು ಅರ್ಧ ಸೆಕೆಂಡಿನ ಆಸುಪಾಸು. ಅಷ್ಟು ಹೊತ್ತಿಗೆ ಡಿಸ್ಕು ಅಡಚಣೆಯಾಗಿ ಉಳಿದಿರುವುದೇ ಇಲ್ಲ. ಕಾಯಿಸುವುದು ಮದರ್‌ಬೋರ್ಡಿನ ಫರ್ಮ್‌ವೇರ್, ಪ್ರೊಸೆಸರ್, ಏಳಲು ಸರದಿಯಲ್ಲಿ ನಿಂತ ಸೇವೆಗಳು. ಹೊಸ ಯಂತ್ರ ಕೊಳ್ಳುವವರು ಎನ್‌ವಿಎಂಇ ತೆಗೆದುಕೊಳ್ಳಲಿ, ವಿಡಿಯೊ ಸಂಕಲನ ಮಾಡುವವರಿಗೆ ಅದು ಬೇಕೇ ಬೇಕು. ಹಳೆಯ ಯಂತ್ರಕ್ಕೆ ಜೀವ ಕೊಡುವವರು ಸಾಟಾ ಎಸ್‌ಎಸ್‌ಡಿಯಿಂದಲೇ ಲಾಭದ ಬಹುಪಾಲನ್ನು ಪಡೆಯುತ್ತಾರೆ. ಹಳೆಯ ಮದರ್‌ಬೋರ್ಡಿನ ಸಾಟಾ ಎರಡನೆಯ ತಲೆಮಾರಿನದಾಗಿ ವೇಗದ ಮಿತಿ ಅರ್ಧವಿದ್ದರೂ ಚಿಂತೆಯಿಲ್ಲ, ಏಕೆಂದರೆ ನಮಗೆ ಬೇಕಾದದ್ದು ಕಾಯುವಿಕೆ ತಗ್ಗುವುದು.

"ಎಸ್‌ಎಸ್‌ಡಿ ಬೇಗ ಸವೆಯುತ್ತದಂತೆ" ಎಂಬ ಅಳುಕು ಇನ್ನೂ ಹೋಗಿಲ್ಲ. ಅದರಲ್ಲಿ ಒಂದಿಷ್ಟು ಸತ್ಯವೂ ಇದೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುತ್ತಿದ್ದ ಎಸ್‌ಎಲ್‌ಸಿ ಲಕ್ಷದಷ್ಟು ಸಲ ಅಳಿಸುವಿಕೆ ತಾಳುತ್ತಿತ್ತು. ಮೂರು ಬಿಟ್ ಇಡುವ ಟಿಎಲ್‌ಸಿ ತಾಳುವುದು ಸಾವಿರದಿಂದ ಮೂರು ಸಾವಿರ, ನಾಲ್ಕು ಬಿಟ್‌ನ ಕ್ಯುಎಲ್‌ಸಿ ಇನ್ನೂ ಕಡಿಮೆ. ಒಂದೇ ಕೋಶದಲ್ಲಿ ವಿದ್ಯುದಂಶದ ಹದಿನಾರು ಮಟ್ಟಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕೆಂದರೆ ತಪ್ಪಿಗೆ ಆಸ್ಪದ ಹೆಚ್ಚುವುದು ಸಹಜ. ಆದರೂ ನಿತ್ಯದ ಬಳಕೆಯ ಲೆಕ್ಕ ನೋಡಿ. 500 ಜಿಬಿಯ ಒಳ್ಳೆಯ ಟಿಎಲ್‌ಸಿ ಡ್ರೈವ್‌ಗೆ 300 ಟೆರಾಬೈಟ್ ಬರವಣಿಗೆಯ ಖಾತರಿ ಕೊಡುತ್ತಾರೆ. ದಿನಕ್ಕೆ 20 ಜಿಬಿ ಬರೆದರೆ ಅದು ಮುಗಿಯಲು 41 ವರ್ಷ ಬೇಕು. ಮನೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಬಳಸುವವರ ಎಸ್‌ಎಸ್‌ಡಿ ಸವೆತದಿಂದ ಸಾಯುವುದು ಅಪರೂಪ.

ನಿಜವಾಗಿ ಹೆದರಬೇಕಾದದ್ದು ಬೇರೆಯದಕ್ಕೆ. ಹಾರ್ಡ್ ಡಿಸ್ಕು ಕೆಡುವ ಮೊದಲು ಎಷ್ಟೋ ಸಲ ಟಕ್ ಟಕ್ ಎಂದು ಸದ್ದು ಮಾಡಿ, ನಿಧಾನವಾಗಿ ಎಚ್ಚರಿಕೆ ಕೊಡುತ್ತದೆ. ಎಸ್‌ಎಸ್‌ಡಿ ನಿನ್ನೆಯವರೆಗೆ ಚೆನ್ನಾಗಿದ್ದು ಇಂದು ಬೆಳಿಗ್ಗೆ ಗುರುತೇ ಸಿಗದಂತೆ ಹೋಗಿಬಿಡಬಹುದು. ಒಳಗಿನ ಫರ್ಮ್‌ವೇರ್ ತಪ್ಪಿದರೂ ಸಾಕು. 2019ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಕೂಡಲೇ ಸಂಪೂರ್ಣ ಕೈಕೊಡುತ್ತವೆಂದು ಎಚ್ಚರಿಸಿ, ಕೂಡಲೇ ಫರ್ಮ್‌ವೇರ್ ಬದಲಿಸುವಂತೆ ಗ್ರಾಹಕರನ್ನು ಕೋರಿತು. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಅಲ್ಲದೆ ಟ್ರಿಮ್ ಇರುವುದರಿಂದ, ಕೈತಪ್ಪಿ ಅಳಿಸಿದ ಕಡತವನ್ನು ಎಸ್‌ಎಸ್‌ಡಿಯಿಂದ ಮರಳಿ ಪಡೆಯುವ ಸಾಧ್ಯತೆ ಹಾರ್ಡ್ ಡಿಸ್ಕಿಗಿಂತ ತೀರ ಕಡಿಮೆ. ಮದುವೆಯ ಫೋಟೊ, ಜಮೀನಿನ ದಾಖಲೆಯ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ ಇವನ್ನೆಲ್ಲ ಎಸ್‌ಎಸ್‌ಡಿಗೆ ತುಂಬಿ, ಕಪಾಟಿನಲ್ಲಿಟ್ಟು ವರ್ಷಗಟ್ಟಲೆ ಮರೆಯಲೂಬಾರದು. ತುಂಬ ಸವೆದ ಡ್ರೈವ್ ವಿದ್ಯುತ್ ಇಲ್ಲದೆ 30 ಡಿಗ್ರಿ ಶಾಖದಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕೆಂದು ಚಿಪ್ ಉದ್ಯಮದ ಮಾನಕ ಸಂಸ್ಥೆ ಜೆಡೆಕ್‌ನ ಮಾನಕ ಹೇಳುತ್ತದೆ. ಹೊಸ ಡ್ರೈವ್ ಇನ್ನೂ ಬಹುಕಾಲ ಉಳಿಸಿಕೊಳ್ಳುತ್ತದೆ, ಆದರೆ ರಾಯಚೂರು, ಕಲಬುರಗಿಯ ಬೇಸಿಗೆ 30 ಡಿಗ್ರಿಗೆ ನಿಲ್ಲುವುದಿಲ್ಲ. ಎತ್ತಿಡಲು ಹಾರ್ಡ್ ಡಿಸ್ಕೇ ಇಂದಿಗೂ ತಕ್ಕದ್ದು.

ಬದಲಿಸುವ ಮುನ್ನ ಅಳೆದು ನೋಡಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಯಂತ್ರ ತೆವಳುತ್ತಿರುವಾಗ ಡಿಸ್ಕ್ ಸಾಲು ನೂರು ಪ್ರತಿಶತಕ್ಕೆ ಏರಿ ಅಲ್ಲೇ ನಿಂತಿದೆಯೇ ಗಮನಿಸಿ. ನಿಂತಿದ್ದರೆ ಎಸ್‌ಎಸ್‌ಡಿ ಮದ್ದು. ಅಲ್ಲಿನ ಸ್ಟಾರ್ಟಪ್ ಪುಟದಲ್ಲಿ ಬಯಾಸ್ ಎಷ್ಟು ಸೆಕೆಂಡು ತಿಂದಿತೆಂಬ ಅಂಕಿಯೂ ಸಿಗುತ್ತದೆ. ಅದೇ ಇಪ್ಪತ್ತು ಮೂವತ್ತು ಇದ್ದರೆ ಯಾವ ಡಿಸ್ಕ್ ಹಾಕಿದರೂ ಆ ಹೊತ್ತು ತಗ್ಗದು. ಲಿನಕ್ಸ್‌ನಲ್ಲಿ ಸಿಸ್ಟಮ್‌ಡಿ-ಅನಲೈಜ್ ಎಂಬ ಆದೇಶ ಪ್ರತಿ ಹಂತದ ಲೆಕ್ಕ ಕೊಡುತ್ತದೆ. ರ್ಯಾಮ್ ನಾಲ್ಕು ಜಿಬಿ ಇದ್ದರೆ ಎಸ್‌ಎಸ್‌ಡಿ ಜೊತೆಗೆ ಅದನ್ನು ಎಂಟಕ್ಕೆ ಏರಿಸಿ, ಇಲ್ಲವಾದರೆ ವ್ಯವಸ್ಥೆ ಡಿಸ್ಕನ್ನೇ ರ್ಯಾಮ್‌ನಂತೆ ಬಳಸುತ್ತ ಸವೆಸುತ್ತದೆ. ಹಳೆಯ ಡಿಸ್ಕು ಕೆಡುವ ಹಂತದಲ್ಲಿರುವುದರಿಂದಲೇ ನಿಧಾನವಾಗಿರಲೂಬಹುದು, ಆದ್ದರಿಂದ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಬ್ಯಾಕಪ್ ಮಾಡಿ.

ಲ್ಯಾಪ್‌ಟಾಪ್ ಆದರೆ ಒಳಗಿರುವುದು ಎರಡೂವರೆ ಇಂಚಿನ ಡಿಸ್ಕೋ, ಎಂ.2 ಸ್ಲಾಟ್ ಇದೆಯೋ, ಇದ್ದರೆ ಅದು ಸಾಟಾ ಬಗೆಯನ್ನಷ್ಟೇ ಒಪ್ಪುತ್ತದೋ ಎನ್‌ವಿಎಂಇಯನ್ನೂ ಒಪ್ಪುತ್ತದೋ ಎಂದು ಮಾದರಿ ಸಂಖ್ಯೆಯಿಂದ ತಿಳಿದುಕೊಂಡೇ ಕೊಳ್ಳಿ. ನೋಡಲು ಎರಡೂ ಒಂದೇ ಥರ ಇರುತ್ತವೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದರೆ ಅದರ ಕೀಲಿಸಂಖ್ಯೆ ಮೊದಲು ಬರೆದಿಟ್ಟುಕೊಳ್ಳಿ. ಇದ್ದದ್ದನ್ನು ಇದ್ದಂತೆ ಕ್ಲೋನ್ ಮಾಡಬಹುದು. ಐದಾರು ವರ್ಷದ ಕಸ ಸೇರಿದ ಯಂತ್ರವಾದರೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದನ್ನೇ ನಾನು ಆರಿಸಿಕೊಳ್ಳುತ್ತೇನೆ. ತೆಗೆದ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಕವಚದಲ್ಲಿ ಹಾಕಿದರೆ ಅದೇ ಬ್ಯಾಕಪ್ ಡಿಸ್ಕ್ ಆಗುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡರೂ ಆನ್‌ಲೈನ್ ಕೊಂಡರೂ ಬಿಲ್ಲು, ಸೀರಿಯಲ್ ಸಂಖ್ಯೆ, ಕಂಪನಿಯ ವಾರಂಟಿ ಈ ಮೂರನ್ನು ಬಿಡಬೇಡಿ. ಹಲವು ಟೆರಾಬೈಟ್ ಎಂದು ನಂಬಲಾಗದ ಅಗ್ಗದ ಬೆಲೆಗೆ ಮಾರುವ ಹೊರಗಿನ ಎಸ್‌ಎಸ್‌ಡಿಗಳನ್ನು ಬಿಚ್ಚಿದಾಗ ಒಳಗೆ ಚಿಕ್ಕ ಮೆಮೊರಿ ಕಾರ್ಡು, ಸುಳ್ಳು ಗಾತ್ರ ತೋರಿಸುವ ಫರ್ಮ್‌ವೇರ್ ಸಿಕ್ಕಿರುವ ಪ್ರಕರಣಗಳು ಬೇಕಾದಷ್ಟಿವೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಲ್ಲಿ ಪೂರ್ತಿ ತುಂಬಿಸಿ ಓದಿದರೆ ಸತ್ಯ ಹೊರಬೀಳುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್ ಆದರೆ ಎಂಟನೆಯ ತಲೆಮಾರು ಅಥವಾ ಅದರ ಮುಂದಿನ ಪ್ರೊಸೆಸರ್. ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ಹಳೆಯ ಯಂತ್ರಕ್ಕೆ ಆ ಅರ್ಹತೆ ಬರುವುದಿಲ್ಲ. ಹಾಗೆಂದು ಅದನ್ನು ಗುಜರಿಗೆ ಹಾಕಬೇಕಾಗಿಲ್ಲ. ಎಸ್‌ಎಸ್‌ಡಿ ಮತ್ತು ಎಂಟು ಜಿಬಿ ರ್ಯಾಮ್ ಇದ್ದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಅದರಲ್ಲಿ ಸೊಗಸಾಗಿ ನಡೆಯುತ್ತದೆ, ಕನ್ನಡ ಟೈಪಿಂಗ್ ಬರುತ್ತದೆ, ಭದ್ರತಾ ನವೀಕರಣಗಳೂ ಸಿಗುತ್ತವೆ. ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಸದ್ಯಕ್ಕೆ ನನಗೆ ಕಾಣುತ್ತಿಲ್ಲ.

ತುಮಕೂರಿನ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳು ಕೂಡಿ ಮೊದಲ ಕಂತಿನಲ್ಲಿ ನಾಲ್ಕು ಎಸ್‌ಎಸ್‌ಡಿ ಕೊಡಿಸಿದರು. ಒಂದು ಶನಿವಾರ ಮಧ್ಯಾಹ್ನ ಶಿಕ್ಷಕಿ, ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು, ನಾನು ಸೇರಿ ಅವನ್ನು ಕೂರಿಸಿದೆವು. ಮೊದಲನೆಯದನ್ನು ನಾನು ಹಾಕಿ ತೋರಿಸಿದೆ, ಕೊನೆಯ ಎರಡನ್ನು ಹುಡುಗಿಯರೇ ಹಾಕಿದರು. ಆ ನಾಲ್ಕು ಯಂತ್ರಗಳು ಈಗ ಅರ್ಧ ನಿಮಿಷದೊಳಗೆ ಏಳುತ್ತವೆ. ಇನ್ನು ಆರು ಉಳಿದಿವೆ. ನಿಮ್ಮೂರಿನ ಶಾಲೆಯಲ್ಲೂ ಹೀಗೆ ಉಳಿದವು ಇರಬಹುದು, ಮುಖ್ಯೋಪಾಧ್ಯಾಯರನ್ನು ಒಮ್ಮೆ ಕೇಳಿ ನೋಡಿ.